ಮಳೆಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಬೇಕಾದ ಮನೆ

ಕಳೆದ ವರ್ಷ ಫೆಬ್ರವರಿಯಲ್ಲಿ ಗೆಳೆಯನೊಬ್ಬ ಬೆಂಗಳೂರಿನಿಂದ ನಾಲ್ಕು ಫೋಟೋ ಕಳಿಸಿದ. ಹೆಂಚಿನ ಮಾಡು, ಕೆಂಪು ಸಾರಣೆಯ ಜಗಲಿ, ಅಂಗಳದ ನಡುವೆ ತುಳಸಿಕಟ್ಟೆ, ಹಿಂದೆ ತೆಂಗಿನ ಮರಗಳ ಸಂದಿಯಲ್ಲಿ ಹೊಳೆಯುವ ನೀರು. ಫೋಟೋದ ಕೆಳಗೆ ದಲ್ಲಾಳಿ ಬರೆದ ಎರಡು ಸಾಲು: ‘ಕುಂದಾಪುರ–ಬೈಂದೂರು ನಡುವೆ ಸಣ್ಣ ಮನೆ ಮಾರಾಟಕ್ಕಿದೆ. 12 ಸೆಂಟ್ಸ್, ಸಿಹಿನೀರಿನ ಬಾವಿ, ಏಳು ತೆಂಗಿನ ಮರ, ಕಡಲಿಗೆ ಸ್ಕೂಟರಿನಲ್ಲಿ ಐದು ನಿಮಿಷ, ದಾಖಲೆ ಕ್ಲಿಯರ್, 38 ಲಕ್ಷ.’ ಗೆಳೆಯನ ಊರು ಶಿರಸಿ ಕಡೆ, ಹೆಂಡತಿಯ ತವರು ಕುಂದಾಪುರ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನಿಗೆ ಉಳಿದ ಕಾಲವನ್ನು ಕಡಲ ಗಾಳಿಯಲ್ಲಿ ಕಳೆಯುವ ಆಸೆ. ‘ನಾಡಿದ್ದೇ ಬಂದು ಅಡ್ವಾನ್ಸ್ ಕೊಟ್ಟುಬಿಡಲಾ?’ ಎಂದು ಕೇಳಿದ. ಬಾ, ಆದರೆ ಚೆಕ್ ಪುಸ್ತಕ ಬೆಂಗಳೂರಿನಲ್ಲೇ ಇರಲಿ ಎಂದೆ.

ಕರಾವಳಿಯಲ್ಲಿ ಇಂಥ ಮನೆಗಳು ಈಗ ಊರಿಗೆ ಹತ್ತು ಸಿಗುತ್ತವೆ. ಮಕ್ಕಳು ಮುಂಬೈಯಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ. ಹಿರಿಯರಿಗೆ ಮೆಟ್ಟಿಲು ಹತ್ತಲಾಗದು, ಹೆಂಚು ಹೊದಿಸುವವರು ಸಿಗುವುದಿಲ್ಲ. ಕೊಳ್ಳುವವರೂ ಇದ್ದಾರೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ್ದರಿಂದ ಹೊರಗಿನವರ ವಿಚಾರಣೆ ಹೆಚ್ಚಿದೆ. ಅವರಿಗೆ ಕಾಣುವುದು ಫೋಟೋದಲ್ಲಿದ್ದ ಮನೆ. ನನ್ನ ಮಾತು ಫೋಟೋದಲ್ಲಿ ಕಾಣದ ಮೂರರ ಬಗ್ಗೆ: ಹಕ್ಕು, ದಾರಿ, ನೀರು. ಗೋಡೆ ಬಿದ್ದರೆ ಕಟ್ಟಬಹುದು, ಮಾಡು ಸೋರಿದರೆ ಹೊದಿಸಬಹುದು. ಈ ಮೂರರಲ್ಲಿ ಒಂದು ಕೆಟ್ಟರೆ ದುಡ್ಡು ಕೊಟ್ಟು ಸರಿಮಾಡಿಸಿಕೊಳ್ಳುವುದು ಬಹಳ ಕಷ್ಟ.

ಗೆಳೆಯನಿಗೆ ಮೊದಲ ತೊಡಕಾಗಿದ್ದು ಅಳತೆ. ‘12 ಸೆಂಟ್ಸ್ ಅಂದರೆ ಎಷ್ಟು ಗುಂಟೆ?’ ಎಂದ. ನೂರು ಸೆಂಟ್ಸಿಗೆ ಒಂದು ಎಕರೆ, ನಲವತ್ತು ಗುಂಟೆಗೆ ಒಂದು ಎಕರೆ. ಹಾಗಾಗಿ ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ಒಂದು ಸೆಂಟ್ಸ್ 435.6 ಚದರಡಿ. ಹನ್ನೆರಡು ಸೆಂಟ್ಸ್ ಅಂದರೆ ಸುಮಾರು 5,227 ಚದರಡಿ, ಗುಂಟೆಯಲ್ಲಿ ಐದಕ್ಕೆ ಸ್ವಲ್ಪ ಕಡಿಮೆ. ಒಂದೇ ಕರಾವಳಿಯಲ್ಲಿ ಎರಡು ಲೆಕ್ಕ ಏಕೆ ಎಂದರೆ ಅದಕ್ಕೆ ಇತಿಹಾಸವಿದೆ. ಬ್ರಿಟಿಷರ ಕಾಲದಲ್ಲಿ ಕೆನರಾ ಜಿಲ್ಲೆ ಎರಡು ಹೋಳಾಗಿ, 1862ರಲ್ಲಿ ಉತ್ತರದ ಭಾಗ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದರೂ ಭಟ್ಕಳದ ಆಚೆ ಗುಂಟೆ, ಬೈಂದೂರಿನ ಈಚೆ ಸೆಂಟ್ಸ್ ಹಾಗೇ ನಿಂತಿವೆ. ಬೇರೆಯಾದದ್ದು ಅಳತೆ ಮಾತ್ರ ಅಲ್ಲ. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡ–ಉಡುಪಿಯಲ್ಲಿ ಕುಮ್ಕಿ. ಜಾಗದ ಮೇಲಿನ ಹಕ್ಕುಗಳ ಹೆಸರೂ ಸ್ವಭಾವವೂ ಬೇರೆ. ಹೊನ್ನಾವರದಲ್ಲಿ ಜಾಗ ಕೊಂಡು ಅನುಭವವಿದ್ದವರು ಕುಂದಾಪುರದಲ್ಲಿ ಅದೇ ಲೆಕ್ಕ ಹಾಕಿದರೆ ಎಡವುತ್ತಾರೆ.

ಮನೆ ತಲುಪಿದೆವು. ಜಗಲಿಯಲ್ಲಿ ಕುಳಿತಿದ್ದ ಎಂಬತ್ತರ ಆಸುಪಾಸಿನ ಅಮ್ಮ ಎದ್ದು ಒಳಗಿಂದ ಬೆಲ್ಲ, ನೀರು ತಂದಿಟ್ಟರು. ನೀರು ಸಿಹಿಯಾಗಿಯೇ ಇತ್ತು. ಗೆಳೆಯ ಮೆಚ್ಚಿ ತಲೆಯಾಡಿಸಿದ. ಅಮ್ಮ ಮಾತ್ರ, ‘ಈಗ ಅಲ್ಲ, ಬೇಸ್ಗಿಯಗೆ ಬಂದ್ ಕಾಣಿ’ ಎಂದರು. ದಲ್ಲಾಳಿಯ ಮುಖ ಸಣ್ಣದಾಯಿತು. ಆ ತಾಯಿಯ ಆ ಒಂದು ಮಾತಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಮಾರಾಟ ಆಗಬೇಕೆಂಬ ಅಗತ್ಯ ಅವರಿಗೇ ಹೆಚ್ಚಿತ್ತು.

‘ದಾಖಲೆ ಕ್ಲಿಯರ್’ ಎಂಬುದನ್ನು ಬಿಡಿಸಿ ನೋಡೋಣ. ಈ ಜಾಗ ಮೂಲದಲ್ಲಿ ಗೇಣಿಯದು. ನಮ್ಮ ಕಡೆ ಇದನ್ನು ‘ಡಿಕ್ಲರೇಶನ್ ಜಾಗ’ ಎನ್ನುತ್ತಾರೆ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ತೀರ್ಮಾನದ ನಂತರ ಒಕ್ಕಲುತನದ ಹಕ್ಕು ಪಡೆದರು. ಚಾಲಗೇಣಿ, ಮೂಲಗೇಣಿ ಎಂದು ತಲೆಮಾರುಗಟ್ಟಲೆ ಅಕ್ಕಿಮುಡಿ ಹೊತ್ತವರು ತಮ್ಮ ಮಣ್ಣಿನ ಒಡೆಯರಾದದ್ದು ಹಾಗೆ. ಕರಾವಳಿಯ ನೂರಾರು ಸಣ್ಣ ಮನೆಗಳ ಬುನಾದಿಯೇ ಆ ಕಾಯ್ದೆ, ಅದರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಕೊಳ್ಳುವವರು ನೋಡಬೇಕಾದ ಒಂದು ಗಂಟು ಅಲ್ಲಿದೆ. ಆಗ ಅರ್ಜಿಗೆ ಸಹಿ ಹಾಕಿದ್ದು ಹೆಚ್ಚಾಗಿ ಮನೆಯ ಹಿರಿಯಣ್ಣ. ಆದೇಶವೂ ಪಹಣಿಯೂ ಅವನ ಹೆಸರಿಗೇ ಬಂದವು. ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬವಾಗಿದ್ದರೆ ಹಕ್ಕೂ ಕುಟುಂಬದ್ದೇ ಎಂದು ತಮ್ಮಂದಿರ, ತಂಗಿಯರ ಮಕ್ಕಳು ಕೋರ್ಟಿಗೆ ಹೋಗುವ ದಾರಿ ತೆರೆದೇ ಇರುತ್ತದೆ.

ನಾವು ನೋಡಿದ ಮನೆಯಲ್ಲೂ ಹಾಗೇ ಆಗಿತ್ತು. ಆದೇಶ ಅಮ್ಮನ ಗಂಡನ ಅಣ್ಣನ ಹೆಸರಲ್ಲಿ. ಆತ ಮದುವೆಯಾಗದೆ ತೀರಿಕೊಂಡಿದ್ದರು. ನಂತರ ಪಹಣಿ ಈ ಅಮ್ಮನ ಗಂಡನಿಗೆ, ಅವರು ಹೋದ ಮೇಲೆ ದೊಡ್ಡ ಮಗನಿಗೆ ಬಂದಿತ್ತು. ದಲ್ಲಾಳಿಯ ಪ್ರಕಾರ ದೊಡ್ಡ ಮಗ ಸಹಿ ಹಾಕಿದರೆ ಸಾಕು. ಸಾಕಾಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಅದು ಒಡೆತನವನ್ನು ಹುಟ್ಟಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ದೇಶಕ್ಕೆಲ್ಲ ಅದು 2005ರಲ್ಲಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಹೇಳಿತು. ಇದರ ಮೇಲೆ ನಮ್ಮ ಕಡೆ ಬಂಟರು, ಮೊಗವೀರರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ಇತ್ತು. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿತ್ತು. ಹಳೇ ಪಾಲುಪಟ್ಟಿ ಇದ್ದರೆ ಅದನ್ನು ಸ್ಥಳೀಯ ವಕೀಲರ ಕೈಯಲ್ಲೇ ಓದಿಸಬೇಕು, ಬೆಂಗಳೂರಿನವರಿಗೆ ಅದು ಕೂಡಲೇ ಅರ್ಥವಾಗುವುದಿಲ್ಲ. ಕೊನೆಗೆ ಈ ಮನೆಗೆ ಬೇಕಾದ ಸಹಿ ಆರು: ಅಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ತೀರಿಹೋದ ಇನ್ನೊಬ್ಬ ಮಗಳ ಏಕೈಕ ಮಗ. ಒಬ್ಬ ಮಗಳು ಮುಂಬೈಯ ಭಾಂಡುಪಿನಲ್ಲಿ, ಕಿರಿಯ ಮಗ ಮಸ್ಕತ್ತಿನಲ್ಲಿ.

ಹೊರದೇಶದಲ್ಲಿರುವವರು ಮುಕ್ತಿಯಾರುನಾಮೆ ಕಳಿಸಬಹುದು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿದರಾಯಿತು. ಆದರೆ ‘ಜಿಪಿಎ ಬರೆದುಕೊಡುತ್ತೇವೆ, ಪೂರ್ತಿ ಹಣ ಕೊಡಿ, ನೋಂದಣಿ ಆಮೇಲೆ ನೋಡುವ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಜಿಪಿಎ ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗಾವಣೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಅಡ್ವಾನ್ಸು ಕೊಡುವಾಗಲೂ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಿನಲ್ಲಿ ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಹೋಗಬೇಕು.

ಇನ್ನು ಮನೆಯ ಕಾಗದ. ಜಾಗಕ್ಕೆ ಪಹಣಿ ಮಾತ್ರ ಇದ್ದರೆ ಅದು ಇನ್ನೂ ಕೃಷಿ ಜಮೀನು, ಅದರ ಮೇಲಿನ ಮನೆಗೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಭೂಪರಿವರ್ತನೆಯಾಗಿ, ಪಂಚಾಯಿತಿಯ ಇ–ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬಂದಿರಬೇಕು. ಊರಲ್ಲಿ ಎಲ್ಲರೂ ‘ನೈನ್ ಇಲೆವೆನ್ ಆಗಿದೆಯಾ?’ ಎಂದೇ ಕೇಳುವುದು. ಕಾಗದ ಕೈಗೆ ಬಂದಾಗ 11ರ ಮುಂದಿನ ಅಕ್ಷರ ನೋಡಿ. 11ಎಗೂ 11ಬಿಗೂ ವ್ಯತ್ಯಾಸವಿದೆ. ಮೊದಲನೆಯದು ಕ್ರಮಬದ್ಧವಾದ ಆಸ್ತಿಯ ದಾಖಲೆ, ಎರಡನೆಯದು ಪಂಚಾಯಿತಿ ತೆರಿಗೆಗಾಗಿ ಲೆಕ್ಕಕ್ಕೆ ಹಿಡಿದ ಕಟ್ಟಡದ್ದು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕಾದರೂ ತೆಗೆಸಿ. ಸರ್ಕಾರಿ ಜಾಗದಲ್ಲಿ ಕಟ್ಟಿ ಸಕ್ರಮವಾದ ‘94ಸಿ ಮನೆ’ಯಾಗಿದ್ದರೆ ಹಕ್ಕುಪತ್ರದ ಷರತ್ತುಗಳಲ್ಲಿ ಪರಭಾರೆಯ ಬಗ್ಗೆ ಏನಿದೆ ಎಂದು ಒಂದೊಂದು ಸಾಲನ್ನೂ ಓದಿ.

ಸರ್ವೆಯವರನ್ನು ಕರೆಸಿ ಅಳೆಸಿದ ದಿನ ಮನೆಯವರೂ ನಾವೂ ಬೆಪ್ಪಾದೆವು. ಬೇಲಿಯೊಳಗೆ 15 ಸೆಂಟ್ಸ್ ಇದೆ, ಕಾಗದದಲ್ಲಿ 12. ಹೆಚ್ಚಿನ ಮೂರು ಸೆಂಟ್ಸ್ ಹಿತ್ತಿಲಿನ ಹೊಳೆಯಂಚಿನ ಸರ್ಕಾರಿ ಜಾಗ. ಹಳೇ ಹಟ್ಟಿ, ಏಳರಲ್ಲಿ ಮೂರು ತೆಂಗಿನ ಮರ ಅದರಲ್ಲೇ ಇವೆ. ‘ನಮ್ಮ ಕುಮ್ಕಿ ಅದು’ ಎಂದರು ದೊಡ್ಡ ಮಗ. ಕುಮ್ಕಿ ಎಂಬ ಮಾತನ್ನು ನಮ್ಮಲ್ಲಿ ಬಹಳ ಸಡಿಲವಾಗಿ ಬಳಸುತ್ತೇವೆ. ವರ್ಗ (ಪಟ್ಟಾ) ಜಾಗದ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ದರಗು, ಸೌದೆ, ಮೇವು ತರಲು ಕೃಷಿಕನಿಗೆ ಇರುವ ಸವಲತ್ತು ಅದು. ನೆಲ ಸರ್ಕಾರದ್ದೇ. ಅದನ್ನು ಮಾರುವುದಕ್ಕೂ ಇಲ್ಲ, ಮಾರಾಟಪತ್ರದಲ್ಲಿ ಬರೆಯುವುದಕ್ಕೂ ಇಲ್ಲ. ಆ ಮೂರು ಮರಗಳ ಕಾಯಿಗೆ ಯಾರೂ ತಕರಾರು ಮಾಡದಿರಬಹುದು, ಬೆಲೆ ಕಟ್ಟುವಾಗ ಮಾತ್ರ ಅವು ಲೆಕ್ಕಕ್ಕಿಲ್ಲ.

ಆ ಹಿತ್ತಿಲಿನ ನೀರೇ ಗೆಳೆಯನ ಮನಸ್ಸು ಗೆದ್ದದ್ದು. ಮೊಮ್ಮಕ್ಕಳಿಗೆಂದು ಹೊಳೆ ಕಡೆಗೆ ಒಂದು ಕೋಣೆ ಹೆಚ್ಚು ಕಟ್ಟಿ, ದೊಡ್ಡ ಕಿಟಕಿ ಇಡುವುದು ಅವನ ಯೋಜನೆ. ಇಲ್ಲಿ ಸಿಆರ್‌ಝಡ್ ಎದುರಾಗುತ್ತದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ, ಆಮೇಲೆ 2011ರಲ್ಲಿ, 2019ರಲ್ಲಿ ಹೊಸವು ಬಂದವು. ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್ ಎಂಬುದನ್ನು ಎಲ್ಲರೂ ಬಲ್ಲರು. ‘ಕಡಲು ಒಂದು ಕಿಲೋಮೀಟರ್ ದೂರ, ನಿಮಗೆ ಸಿಆರ್‌ಝಡ್ ತಾಗುವುದಿಲ್ಲ’ ಎಂದು ದಲ್ಲಾಳಿ ಹೇಳಿದ್ದು ಆ ಲೆಕ್ಕದಲ್ಲಿ. ಆದರೆ ಉಬ್ಬರದ ಉಪ್ಪುನೀರು ಏರಿಬರುವ ಹೊಳೆ, ತೋಡು, ಹಿನ್ನೀರಿಗೂ ಈ ನಿಯಮ ಅನ್ವಯಿಸುತ್ತದೆ. ಬೇಸಿಗೆಯ ತೀರಾ ಒಣ ಹೊತ್ತಿನಲ್ಲಿ ಸಾವಿರಕ್ಕೆ ಐದು ಭಾಗ ಉಪ್ಪು ಎಲ್ಲಿವರೆಗೆ ಸಿಗುತ್ತದೋ ಅಲ್ಲಿವರೆಗೆ ಹೊಳೆಯನ್ನು ಕಡಲಿನ ಕೈಯೆಂದೇ ಕಾನೂನು ಎಣಿಸುತ್ತದೆ.

ಗ್ರಾಮೀಣ ಪ್ರದೇಶದಲ್ಲಿ 2019ರ ಅಧಿಸೂಚನೆಯ ಪ್ರಕಾರ ಇಂಥ ಹೊಳೆಯ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ನಿರ್ಮಾಣ ನಿಷಿದ್ಧ. 2011ರದ್ದರಲ್ಲಿ ಅದು 100 ಮೀಟರ್ ಇತ್ತು. ಈ ಮನೆಯ ಹಿಂದಿನ ಹೊಳೆ ಅರವತ್ತು ಅಡಿ ಅಗಲ. ಹಾಗಾದರೆ ನೀರಿನಂಚಿನಿಂದ ಅರವತ್ತು ಅಡಿ ಏನೂ ಹೊಸತು ಕಟ್ಟುವಂತಿಲ್ಲ. ಮನೆಯ ಹಿಂಗೋಡೆ ಇರುವುದು ನಲವತ್ತು ಅಡಿಯಲ್ಲಿ. ಅಂದರೆ ಹಿಂಬದಿಯ ಅಡುಗೆಮನೆ, ಬಚ್ಚಲುಮನೆ ನಿಷಿದ್ಧ ವಲಯದೊಳಗೇ ಇವೆ. ಅಧಿಕೃತವಾಗಿ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಬಹುದು, ಕೆಡವಿ ಇದ್ದ ಪಾಯದ ವಿಸ್ತೀರ್ಣದಲ್ಲೇ ಮರಳಿ ಕಟ್ಟಬಹುದು, ಹಿಗ್ಗಿಸುವಂತಿಲ್ಲ. ಆದ್ದರಿಂದ ಹಳೇ ಮನೆ ನಂಬರು, ಹಳೇ ತೆರಿಗೆ ರಸೀದಿ ಇಂಥಲ್ಲಿ ಚಿನ್ನಕ್ಕೆ ಸಮ. ಅಮ್ಮನ ಟ್ರಂಕಿನಲ್ಲಿ ಕುಂಕುಮದ ಡಬ್ಬಿಯ ಕೆಳಗೆ ನಲವತ್ತು ವರ್ಷದ ರಸೀದಿಗಳು ದಾರ ಕಟ್ಟಿ ಇದ್ದವು. ಗೆಳೆಯ ಕೋಣೆಯ ಯೋಜನೆ ಬಿಟ್ಟ, ಬೆಲೆಯಲ್ಲಿ ಎರಡು ಲಕ್ಷ ಇಳಿಯಿತು.

ಕಡಲ ಬದಿಯಲ್ಲೇ ಮನೆ ಬೇಕೆನ್ನುವವರಿಗೆ ಇನ್ನೊಂದು ಮಾತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಕೋಡಿಬೆಂಗ್ರೆ, ಪಡುಕೆರೆಗಳೂ ಹಾಗೇ, ನದಿಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಡಲ್ಕೊರೆತಕ್ಕೆ ಎಷ್ಟು ಲೋಡು ಬಂಡೆ ಸುರಿದರೂ ಮಳೆಗಾಲ ಬಂದರೆ ಅಲ್ಲಿನವರಿಗೆ ನಿದ್ದೆ ಇಲ್ಲ. ಅಂಥಲ್ಲಿ ಮನೆ ಕೊಳ್ಳುವ ಮೊದಲು ನೆರೆಯ ಮೊಗವೀರರ ಹಿರಿಯರನ್ನು ಕೇಳಿ, ಅವರ ಬಾಲ್ಯದಲ್ಲಿ ದಡ ಎಲ್ಲಿತ್ತು ಎಂದು. ಅವರು ಕೈ ತೋರಿಸುವ ಜಾಗ ಈಗ ನೀರಿನೊಳಗಿರುತ್ತದೆ.

ಎರಡನೇ ಸಲ ಹೋದದ್ದು ಮೇ ಕೊನೆಯಲ್ಲಿ, ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ವಾರ. ಬಾವಿ ನೋಡಬೇಕಾದದ್ದು ಆಗಲೇ. ಕೆಂಪುಕಲ್ಲಿನ ಕಟ್ಟೆಯ ಬಾವಿ, ರಾಟೆಯ ಹಗ್ಗ ಉಜ್ಜಿ ಉಜ್ಜಿ ಅಂಚಿನ ಕಲ್ಲಿನಲ್ಲಿ ಬೆರಳಿನಷ್ಟು ಆಳದ ಗೆರೆ. ಫೆಬ್ರವರಿಯಲ್ಲಿ ಎಂಟು ಅಡಿಯಲ್ಲಿ ಕಾಣುತ್ತಿದ್ದ ನೀರು ಹದಿನೆಂಟಕ್ಕೆ ಇಳಿದಿತ್ತು. ಕೊಡ ಎಳೆದು ಬೊಗಸೆಯಲ್ಲಿ ಕುಡಿದೆ. ಮೊದಲು ಏನೂ ಅನ್ನಿಸಲಿಲ್ಲ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಉಪ್ಪು ಉಳಿಯಿತು. ‘ಇನ್ನೊಂದ್ ಹದಿನೈದ್ ದಿನ ಹೀಂಗೆ. ಮಳೆ ಬಂದ್ರೆ ಸಮ ಆತ್ತ್. ಅಲ್ಲಿವರೆಗೆ ಮೇಲಿನ ಮನೆ ಬಾವಿ ನೀರ್ ತಪ್ಪುದ್’ ಎಂದರು ಅಮ್ಮ.

ಇದು ಆ ಬಾವಿಯ ದೋಷವಲ್ಲ. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಭಾರದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಅದರ ಪದರ ಇರುತ್ತದೆ ಎಂಬುದು ಭೂಜಲ ಬಲ್ಲವರ ಲೆಕ್ಕ. ಅದೇ ಲೆಕ್ಕ ತಿರುಗಿಸಿದರೆ, ಮೇಲೆ ಒಂದು ಅಡಿ ಎಳೆದು ಖಾಲಿ ಮಾಡಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರುತ್ತದೆ. ಕೊಡದಲ್ಲಿ ಸೇದುವ ಮನೆಯ ಬಾವಿ ಹಾಳಾಗುವುದು ನಿಧಾನ. ಪಕ್ಕದಲ್ಲಿ ರೆಸಾರ್ಟು ಬಂದು ಕೊಳವೆಬಾವಿ ಕೊರೆದು ದಿನವಿಡೀ ಪಂಪು ಓಡಿಸಿದರೆ ಎರಡು ಮೂರು ಬೇಸಿಗೆಗಳಲ್ಲಿ ಇಡೀ ಕೇರಿಯ ಬಾವಿಗಳು ಕೆಡಬಹುದು. ನೆರೆಯಲ್ಲಿ ಏನು ಬರುತ್ತಿದೆ ಎಂದು ವಿಚಾರಿಸದೆ ಬಾವಿಯನ್ನು ನಂಬಬಾರದು. ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಡಿ. ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1,000ದವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ.

ಬಾವಿಯ ಜೊತೆಗೇ ಕಕ್ಕಸುಗುಂಡಿ ಎಲ್ಲಿದೆ ಎಂದು ನೋಡಲೇಬೇಕು. ಎರಡರ ನಡುವೆ ಐವತ್ತು ಅಡಿಯಾದರೂ ಬೇಕು. 12 ಸೆಂಟ್ಸ್ ಚೌಕವಾಗಿದ್ದರೆ ಒಂದು ಬದಿ ಎಪ್ಪತ್ತೆರಡು ಅಡಿ. ನಿಮ್ಮದನ್ನು ದೂರ ಇಟ್ಟರೂ ನೆರೆಮನೆಯ ಗುಂಡಿ ಬೇಲಿಯಾಚೆ ಹತ್ತೇ ಅಡಿಯಲ್ಲಿ ಇದ್ದೀತು. ಮರಳು ಮಣ್ಣಿನಲ್ಲಿ, ಮಳೆಗಾಲದಲ್ಲಿ ಅಂತರ್ಜಲ ಅಂಗಳದ ಮಟ್ಟಕ್ಕೆ ಬರುವ ನಮ್ಮ ಊರುಗಳಲ್ಲಿ ಇದು ಮಕ್ಕಳ ಆರೋಗ್ಯದ ಪ್ರಶ್ನೆ. ಇಲ್ಲಿ ಗುಂಡಿ ಮೂವತ್ತೈದು ಅಡಿಯಲ್ಲಿತ್ತು. ಹೊಸ ಜಾಗಕ್ಕೆ ಸರಿಸುವ ಖರ್ಚು ಗೆಳೆಯನ ಪಟ್ಟಿಗೆ ಸೇರಿತು.

ಮೂರನೇ ಭೇಟಿ ಜುಲೈ ನಡುವೆ, ಆಸಾಡಿಯ ಮಳೆಯಲ್ಲಿ. ಹೆದ್ದಾರಿಯಿಂದ ಒಳಗೆ ಬಂದ ಡಾಂಬರು ರಸ್ತೆ ಮನೆಗೆ ನೂರೈವತ್ತು ಅಡಿ ಇರುವಾಗ ಮುಗಿಯುತ್ತದೆ. ಅಲ್ಲಿಂದ ಗದ್ದೆಯಂಚು. ಫೆಬ್ರವರಿಯಲ್ಲಿ ಒಣಗಿದ ಗದ್ದೆಯ ಮೇಲೆ ಕಾರು ಅಂಗಳಕ್ಕೇ ಹೋಗಿತ್ತು, ಹಾಗಾಗಿ ಗೆಳೆಯನಿಗೆ ದಾರಿಯ ಯೋಚನೆಯೇ ಬಂದಿರಲಿಲ್ಲ. ಈಗ ನೇಜಿ ನೆಟ್ಟ ಗದ್ದೆಯಲ್ಲಿ ಮೊಣಕಾಲು ನೀರು, ನಡುವೆ ಮೂರೂವರೆ ಅಡಿಯ ಅಂಚು, ಒಂದು ಅಡಿಕೆ ಮರದ ಸಂಕ. ಆ ಅಂಚು ಬೇರೆಯವರದ್ದು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ನಡೆದ ದಾರಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯಲ್ಲಿ ರಕ್ಷಣೆ ಇದೆ, ಆದರೆ ನಡೆದ ದಾರಿ ನಡೆಯುವುದಕ್ಕೆ ಮಾತ್ರ. ಅದರಲ್ಲಿ ಆಂಬುಲೆನ್ಸ್ ಬರುವ ಹಕ್ಕು ತಾನಾಗಿ ಹುಟ್ಟುವುದಿಲ್ಲ. ಅರುವತ್ತು ದಾಟಿದವರು ಕೊಳ್ಳುವ ಮನೆಗೆ ವಾಹನದ ದಾರಿ ಇಲ್ಲದಿದ್ದರೆ ಅದು ಅರ್ಧ ಮನೆ ಎಂದೇ ನನ್ನ ತೀರ್ಮಾನ. ಗದ್ದೆಯವರು ಒಳ್ಳೆಯವರು, ಎಂಟು ಅಡಿ ಬಿಟ್ಟುಕೊಡಲು ಒಪ್ಪಿದರು, ಬೆಲೆ ಪಡೆದು ನೋಂದಣಿ ಮಾಡಿಕೊಟ್ಟರು. ‘ಬಾಯಿಮಾತು ಸಾಕಲ್ಲ, ಎಂತಕ್ಕೆ ಕಾಗದ?’ ಎಂದು ಅವರು ಕೇಳಿದಾಗ, ನಿಮ್ಮ ಮಾತು ನಮಗೆ ಸಾಕು, ನಿಮ್ಮ ಮಕ್ಕಳ ಕಾಲಕ್ಕೆ ಕಾಗದ ಎಂದೆ.

ಮಳೆಯ ಆ ದಿನ ಮನೆಯೊಳಗೆ ಎರಡು ಗಂಟೆ ಸುಮ್ಮನೆ ಕುಳಿತೆವು. ವರ್ಷಕ್ಕೆ ನಾಲ್ಕು ಮೀಟರ್ ಹತ್ತಿರ ಮಳೆ ಸುರಿಯುವ ನಾಡಿನ ಮನೆ ಹೇಗಿದೆ ಎಂದು ಬೇರೆ ಹೇಗೆ ತಿಳಿಯಬೇಕು? ಮಾಡಿನ ಕಣಿವೆ ಸೇರುವಲ್ಲಿ ಒಂದು ಕಡೆ ತೊಟ್ಟಿಕ್ಕುತ್ತಿತ್ತು, ಅಮ್ಮ ಅದರಡಿ ಹಿತ್ತಾಳೆಯ ಬೋಗುಣಿ ಇಟ್ಟಿದ್ದರು. ಅಟ್ಟ ಹತ್ತಿ ಟಾರ್ಚು ಹಾಕಿದೆವು. ಹಲಸಿನ ಮರದ ಪಕ್ಕಾಸುಗಳಿಗೆ ಚೂರಿ ಚುಚ್ಚಿದರೆ ತುದಿ ಇಳಿಯಲಿಲ್ಲ. ಪಡುವಣ ಬದಿಯ ನಾಲ್ಕರಲ್ಲಿ ಮಾತ್ರ ಒರಲೆಯ ಮಣ್ಣಿನ ಗೆರೆ ಏರಿತ್ತು, ತಟ್ಟಿದರೆ ಟೊಳ್ಳು ಸದ್ದು. ರೀಪುಗಳನ್ನು ಎಲ್ಲ ಬದಲಿಸಬೇಕು. ಹೆಂಚು ಒಂದನ್ನು ತೆಗೆದು ತಿರುಗಿಸಿದಾಗ ಬಾಸೆಲ್ ಮಿಷನ್ನಿನ ಮುದ್ರೆ, 1865 ಎಂಬ ಇಸವಿ. ದಲ್ಲಾಳಿ ಕೂಡಲೇ ‘ನೂರೈವತ್ತು ವರ್ಷ ಮೀರಿದ ಮನೆ ಸಾರ್’ ಎಂದ. ಆ ಇಸವಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು, ಹೆಂಚು ಸುಟ್ಟದ್ದಲ್ಲ. ಮನೆ ಕಟ್ಟಿದ್ದು ತಾನು ಮದುವೆಯಾಗಿ ಬಂದ ಮರುವರ್ಷ ಎಂದರು ಅಮ್ಮ. ಹಾಗೆ ನೋಡಿದರೆ ಅರುವತ್ತು ವರ್ಷ ಆದೀತು. ಹೆಂಚು ಇನ್ನೊಂದು ಹಳೇ ಮನೆಯದ್ದು ತಂದು ಹೊದಿಸಿದ್ದಂತೆ. ಒಳ್ಳೆಯ ಹೆಂಚಿಗೆ ಅದೇ ಗುಣ, ಒಂದು ಮನೆ ಮುಗಿದರೂ ಇನ್ನೊಂದು ಮನೆಯ ಮಾಡಿಗೆ ಏರುತ್ತದೆ.

ಗೋಡೆ ಕೆಂಪುಕಲ್ಲಿನದು. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿ ಗಟ್ಟಿಯಾಗುವ ಈ ಕಲ್ಲಿಗೆ ವೈರಿ ಎಂದರೆ ಸದಾ ಬಡಿಯುವ ಮಳೆ. ಅದಕ್ಕೇ ಹಿಂದಿನವರು ಮಾಡನ್ನು ಗೋಡೆಯಿಂದ ಮೂರಡಿ ಹೊರಚಾಚಿ ಇಳಿಸುತ್ತಿದ್ದರು, ಮಳೆಗಾಲದಲ್ಲಿ ಪಡುವಣ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈ ಮನೆಯಲ್ಲಿ ಕೆಟ್ಟುಹೋಗಿದ್ದು ಹಳೆಯ ಭಾಗ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಮುಂಬೈಯ ದುಡ್ಡಿನಲ್ಲಿ ಕಟ್ಟಿದ ಕಾಂಕ್ರೀಟಿನ ಬಚ್ಚಲುಮನೆ. ಉಪ್ಪುಗಾಳಿಗೆ, ಬಹುಶಃ ಉಪ್ಪಿನ ಮರಳಿಗೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ಅಡಿಯಿಂದ ಸಿಮೆಂಟು ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಕಡಲ ಬದಿಯಲ್ಲಿ ಹೊಸದಾಗಿ ಕಂಡದ್ದೆಲ್ಲ ಗಟ್ಟಿ ಎಂದು ಎಣಿಸಬೇಡಿ. ಸುಣ್ಣ ಬಳಿದ ಹಳೇ ಗೋಡೆಯನ್ನು ಕೆಡವಿಸಲು ಆತುರಪಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಂಗಳದ ಈಶಾನ್ಯ ಮೂಲೆಯಲ್ಲಿ ಪೊದೆ ಬೆಳೆದ ಒಂದು ಸಣ್ಣ ನಾಗಬನ ಇತ್ತು. ಮಾರಾಟಪತ್ರದಲ್ಲಿ ಇದಕ್ಕೆ ಏನು ಬರೆಯುವುದು ಎಂಬುದು ಕರಾವಳಿಯಲ್ಲಿ ಬೆಲೆಗಿಂತ ಸೂಕ್ಷ್ಮದ ಮಾತು. ಮುಂಬೈಯ ಮಗಳು ಸಹಿಗೆ ಹಿಂಜರಿದದ್ದು ಹಣಕ್ಕಲ್ಲ. ನಾಗರಪಂಚಮಿಗೆ ತನು ಹಾಕಲು ತಮಗಿನ್ನು ಜಾಗ ಇರುವುದೋ ಇಲ್ಲವೋ ಎಂದು. ಬನದ ಒಂದು ಸೆಂಟ್ಸನ್ನು ಕುಟುಂಬಕ್ಕೇ ಬಿಟ್ಟು, ಅಲ್ಲಿಗೆ ಬಂದು ಹೋಗುವ ದಾರಿಯನ್ನೂ ಬರೆಸಿದೆವು. ನಂಬುವವರಿರಲಿ, ನಂಬದವರಿರಲಿ, ಇದನ್ನು ಮೊದಲೇ ಮಾತಾಡಿ ಮುಗಿಸಿದರೆ ನೆರೆಹೊರೆಯ ಜೊತೆ ಬಾಳುವೆ ಸಲೀಸು.

ಹೀಗೆ ಫೆಬ್ರವರಿಯಲ್ಲಿ ಮುಗಿಯಬೇಕಿದ್ದ ವ್ಯವಹಾರ ದೀಪಾವಳಿಯ ನಂತರ ಮುಗಿಯಿತು. 38 ಲಕ್ಷ ಕೇಳಿದ್ದು 34ಕ್ಕೆ ನಿಂತಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಮತ್ತು ಸರ್ಚಾರ್ಜು, ಜೊತೆಗೆ ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. ತಡಮಾಡಿದ್ದಕ್ಕೆ ಗೆಳೆಯನಿಗೆ 34,000 ರೂಪಾಯಿ ಹೆಚ್ಚು ಬಿತ್ತು, ಒಟ್ಟು ಸರ್ಕಾರಕ್ಕೆ ಕಟ್ಟಿದ್ದು ಎರಡೂವರೆ ಲಕ್ಷದ ಮೇಲೆ. ಮಳೆಯಲ್ಲೂ ಬೇಸಿಗೆಯಲ್ಲೂ ನೋಡದೆ ಕೊಂಡಿದ್ದರೆ ಕಳೆದುಕೊಳ್ಳುತ್ತಿದ್ದದ್ದರ ಮುಂದೆ ಅದು ಏನೇನೂ ಅಲ್ಲ ಎಂದು ಅವನೇ ಹೇಳಿದ. ಅಮ್ಮ ಈಗ ದೊಡ್ಡ ಮಗನ ಜೊತೆ ಕುಂದಾಪುರದಲ್ಲಿದ್ದಾರೆ. ರಸೀದಿಗಳ ಕಟ್ಟನ್ನು ತಾವೇ ಗೆಳೆಯನ ಹೆಂಡತಿಯ ಕೈಗೆ ಕೊಟ್ಟರು.

ಕೊಳ್ಳುವವರಿಗೆ ಇಷ್ಟು ಹೇಳಿದೆ. ಊರಲ್ಲಿ ಬೀಗ ಹಾಕಿದ ಮನೆ ಇಟ್ಟುಕೊಂಡು ದೂರದಲ್ಲಿರುವ ನಮ್ಮವರಲ್ಲಿ ಒಂದು ಬೇಡಿಕೆ. ಮಾರುವ ಯೋಚನೆ ಇರಲಿ, ಇಲ್ಲದಿರಲಿ, ಈ ಸಲ ಚೌತಿಗೆ ಬಂದಾಗ ಒಂದು ಬೆಳಿಗ್ಗೆ ಅಮ್ಮನ, ಚಿಕ್ಕಪ್ಪನ ಪಕ್ಕ ಕುಳಿತು ವಂಶವೃಕ್ಷ ಬರೆದುಕೊಳ್ಳಿ. ನ್ಯಾಯಮಂಡಳಿಯ ಆದೇಶದ ಪ್ರತಿ ಎಲ್ಲಿದೆ, ಗಡಿಕಲ್ಲು ಎಲ್ಲಿದೆ, ದಾರಿ ಯಾರದ್ದು ಎಂದು ಕೇಳಿ. ಅದನ್ನೆಲ್ಲ ಬಲ್ಲವರು ಪ್ರತಿ ಊರಲ್ಲೂ ಈಗ ಒಬ್ಬಿಬ್ಬರೇ ಉಳಿದಿದ್ದಾರೆ.